ಕಂಡಿ ತೆಗೆಯದೆ ಮಾಡಿದ ಪ್ರಾರ್ಥನೆ

ಮೇಲೆ ಮೋಡದ ಚೂರೂ ಇಲ್ಲ, ಕೆಳಗೆ ಗದ್ದೆಯಲ್ಲಿ ಮೊಣಕಾಲುದ್ದ ನೀರು. ಹೊಸಪೇಟೆಗೆ ಬಂದಿಳಿದ ದಿನ ಇದನ್ನು ಕಂಡು ನನಗೆ ಹೆದರಿಕೆಯೇ ಆಯಿತು. ನಮ್ಮ ಗದಗಿನ ಕಡೆ ನೀರು ಮೇಲಿಂದ ಬರುತ್ತದೆ. ಬಾರದಿದ್ದರೆ ನಮ್ಮ ಕ್ರೈಸ್ತ ಸಭೆಯವರೆಲ್ಲ ಮೊಣಕಾಲೂರಿ ಬೇಡುತ್ತೇವೆ. ಇಲ್ಲಿ ರಾಯರ ಕಾಲದ ಕಾಲುವೆಯಲ್ಲಿ ಬರುತ್ತದೆ. ಯಾರಿಗೆ ಯಾವಾಗ ಎಂದು ಹೇಳುವವನು ನೀರುಗಂಟಿ, ಅಂದರೆ ಪಾಳಿಯಂತೆ ನೀರು ಬಿಡುವವನು.

ಮನೆಗೆ ಕಲ್ಲುಚಪ್ಪಡಿಯ ಸೂರು, ಮಧ್ಯಾಹ್ನ ಕಾದ ಹಂಚು. ಕಾಲುವೆ ಬದಿಯವರು ಎರಡು ಹೊತ್ತೂ ಅನ್ನ ಉಣ್ಣುತ್ತಾರೆ. ನನಗೆ ಅದು ಗಳಿಗೆ ಹೊತ್ತೂ ಹಸಿವು ತಡೆಯದು. ನಾನು ರೊಟ್ಟಿ ಬಡಿದ ಸದ್ದಿಗೆ ಪಕ್ಕದ ಗದ್ದೆಯ ಕೊಟ್ರಮ್ಮ ಬಂದು ಇಣುಕಿದಳು. ಪರಿಚಯ ಆದದ್ದೇ ಹಾಗೆ.

ಮಗ ದಾವೀದ ಇಲ್ಲಿ ಪಾಲಿಗೆ ಗದ್ದೆ ಹಿಡಿದಿದ್ದ. ಸಸಿ ಕೆಟ್ಟರೆ ಗದ್ದೆ ಬೇರೆಯವರಿಗೆ ಎಂದು ಗದ್ದೆಯ ಧಣಿ ಮೊದಲೇ ಹೇಳಿದ್ದ. ಗದ್ದೆ ಹೋದರೆ ನಮಗೆ ಈ ಊರೂ ಇಲ್ಲ. ದಾವೀದ ಕಂಪ್ಲಿಗೆ ಬಂಡಿ ಹೊಡೆದುಕೊಂಡು ಹೋಗಿದ್ದಾಗ ನಮ್ಮ ಪಾಳಿ ಭಾನುವಾರ ಬೆಳಿಗ್ಗೆ ಬಿತ್ತು. ಗದ್ದೆಗೆ ನೀರು ಬರುವ ಬದುವಿನ ಕಂಡಿ ತೆಗೆಯಬೇಕಾದವಳು ನಾನು. ಕೊಡುವ ದೇವರಿಗೆ ನನ್ನ ಸಲಿಕೆ ಯಾಕೆ ಎಂದುಕೊಂಡು ಪ್ರಾರ್ಥನೆಗೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ ನಮ್ಮ ಸಸಿಮಡಿ ಬಿರಿದಿತ್ತು, ಕೊಟ್ರಮ್ಮನ ಗದ್ದೆ ತುಂಬಿತ್ತು.

“ನಮ್ಮ ನೀರು ಕದ್ದಿ!” ಎಂದೆ.

“ಕಂಡಿ ಮುಚ್ಚಿಟ್ಟು ಹೋದ್ರ ನೀರು ನಿಂತು ಕಾಯ್ತೈತೇನಬೇ? ನಿಮ್ ದೇವ್ರು ಬಂದು ಸಲಿಕಿ ಹಿಡೀಬೇಕಿತ್ತೇನು?”

ಮುಂದಿನ ಪಾಳಿ ಒಂಬತ್ತು ದಿನಕ್ಕೆ. ಅಷ್ಟರಲ್ಲಿ ಸಸಿ ಸುಟ್ಟುಹೋಗುತ್ತದೆ. ಸುದ್ದಿ ಕೇಳಿ ಆಗಲೇ ಇಲ್ಲಿನ ಸಭೆಯ ಉಪದೇಶಿ ಬಂದರು.

“ದೇವರ ಚಿತ್ತ ಹಿಂಗಿತ್ತೇನೋ, ತಾಯಿ.”

“ಚಿತ್ತದ ಮ್ಯಾಲೆ ಹಾಕಬ್ಯಾಡ್ರಿ, ಅಯ್ಯನೋರ. ನೀರು ಕೊಟ್ಟಾವ ಅವ. ಕಂಡಿ ತೆಗೀದ ಹೋದಾಕಿ ನಾ.”

“ಹಂಗಾದ್ರ ಅವನಿಗೆ ಮೊದಲ ಗೊತ್ತಿರಲಿಲ್ಲೇನು?”

“ಗೊತ್ತಿತ್ತು. ತಪ್ಪು ಮಾತ್ರ ನಂದ.”

ಅವರು ಬಿರಿದ ಮಡಿಯನ್ನು ಬಗ್ಗಿ ನೋಡಿದರು. ಆಮೇಲೆ ಕೇಳಿದರು, “ಮುಂದ?”

“ಮುಂದ ಕೊಟ್ರಮ್ಮನ್ನ ಬೇಡ್ಕೋಬೇಕು. ಪ್ರಾರ್ಥನಿಗಿಂತ ಅದು ಕಠಿಣ ಐತ್ರಿ.”

ಹೋಗಿ, ತಪ್ಪಾಯಿತು ಅಕ್ಕಾ ಎಂದೆ. ಕೊಟ್ರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಮಧ್ಯಾಹ್ನ ಕಳ್ಳಿ, ಈಗ ಅಕ್ಕನಾ? ಸಂಜಿತನಕ ನನ್ನ ಪಾಳಿ. ಒಂದ್ ತಾಸು ನಿನಗ ಬಿಡ್ತೀನಿ. ಕಂಡಿ ಮಾತ್ರ ನೀನ ತೆಗಿ. ಯಾರ್ ಬರಾದೂ ಕಾಯಬ್ಯಾಡ.”

ತೆಗೆದೆ. ಮಡಿಯ ಒಂದು ಮೂಲೆ ಸತ್ತಿತು, ಉಳಿದದ್ದು ಬದುಕಿತು. ಗದ್ದೆಯೂ ಉಳಿಯಿತು.

ಎಲ್ಲವೂ ದೇವರ ಕೈಯಲ್ಲಿದೆ ಎಂದು ನಾನು ಈಗಲೂ ನಂಬುತ್ತೇನೆ. ಅವನ ಕೈಯಲ್ಲಿದೆ ಎಂದು ನಾನು ಕೈ ಕಟ್ಟಿ ಕೂರುವ ಹಾಗಿಲ್ಲ ಎಂಬುದನ್ನು ಈ ಊರು ಕಲಿಸಿತು. ಎರಡೂ ಹೇಗೆ ಕೂಡುತ್ತವೆಯೋ ಉಪದೇಶಿಗೂ ಬಿಡಿಸಿ ಹೇಳಲಾಗಲಿಲ್ಲ. ಮೂರನೆಯ ಇಯತ್ತೆಯವರೆಗೆ ಓದಿದ ನನಗೆ ಎಲ್ಲಿಂದ ಬರಬೇಕು?

ಮೊನ್ನೆ ಗದಗಿನ ಸಭೆಯಿಂದ ನಿಮ್ಮೆಲ್ಲರ ಕಾಗದ ಬಂತು. ಅಲ್ಲಿ ಮಳೆ ಬಿತ್ತೆಂದು ಓದಿ, ನನ್ನ ಹೊಲಕ್ಕೇ ಬಿದ್ದ ಹಾಗೆ ಮೊಣಕಾಲೂರಿ ಸ್ತೋತ್ರ ಮಾಡಿದೆ. ಆಮೆನ್ ಎಂದು ಎದ್ದವಳೇ ಸಲಿಕೆ ತೆಗೆದುಕೊಂಡು ಹೊರಟೆ. ಇಲ್ಲಿ ಅಂದು ನಮ್ಮ ಪಾಳಿ.