ಬೆನ್ನ ಮೇಲಿನ ಅಂಗೈ

ದೆವ್ವ, ಗಾಳಿ ಎಂದರೆ ನಗುತ್ತಿದ್ದವಳು ನಾನು. ಜರಗನಹಳ್ಳಿಯ ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ಬೆಳಿಗ್ಗೆ ಓಟದ ಅಭ್ಯಾಸ, ಆಮೇಲೆ ಕ್ರೀಡಾ ವಿಜ್ಞಾನದ ಎಂ.ಎಸ್ಸಿ. ತರಗತಿ, ಸಂಜೆ ಮತ್ತೆ ಓಟ. ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡಿದ್ದೇನೆ. ಪದಕವಾಗಲಿ ಅಂಕವಾಗಲಿ, ನನ್ನದೆಲ್ಲ ನನ್ನ ಕಾಲೇ ದುಡಿದು ತಂದದ್ದು ಎಂಬ ಹೆಮ್ಮೆ ನನಗಿತ್ತು. ಕೆಲವು ವರ್ಷಗಳ ಹಿಂದಿನ ಆ ಮಧ್ಯಾಹ್ನದ ವಿಷಯವನ್ನು ಬೇರೆಯವರು ಹೇಳಿದ್ದರೆ ನಾನು ಖಂಡಿತ ನಂಬುತ್ತಿರಲಿಲ್ಲ.

ನನ್ನ ಪ್ರಬಂಧಕ್ಕೆ ಕೊನೆಯ ಪರೀಕ್ಷೆ ಬಾಕಿ ಇತ್ತು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಇನ್ನು ಆಗದು ಎನ್ನುವವರೆಗೆ ಟ್ರೆಡ್‌ಮಿಲ್ ಮೇಲೆ ಓಡಬೇಕು; ದೇಹ ಎಷ್ಟು ಆಮ್ಲಜನಕ ಬಳಸುತ್ತದೆಂದು ಯಂತ್ರ ಅಳೆಯುತ್ತದೆ. ನಾನೇ ರೂಪಿಸಿದ ತರಬೇತಿ ಫಲ ಕೊಟ್ಟಿದೆಯೇ ಎಂಬುದು ಆ ಅಳತೆಯಿಂದಲೇ ತಿಳಿಯಬೇಕು. ಮಾಸ್ಕ್ ಇರುವಾಗ ಮಾತಿಲ್ಲ, ಕೈಸನ್ನೆಯಷ್ಟೇ. ಓಡುವವರು ಕುಸಿದರೆ ಹಿಡಿಯಲು ಹಿಂದೆ ಒಬ್ಬರು ಕೈ ಚಾಚಿ ನಿಂತಿರಬೇಕು. ಅದು ಲ್ಯಾಬಿನ ನಿಯಮ.

ಅಂದು ಹಿಂದೆ ನಿಲ್ಲಬೇಕಿದ್ದ ಸಹಪಾಠಿ ಕಿರಣ ಬರಲಿಲ್ಲ. ಮರುದಿನ ನಾನು ಓಟದ ಶಿಬಿರಕ್ಕೆ ಹೊರಡಬೇಕಿತ್ತು, ಪರೀಕ್ಷೆ ಮುಂದೂಡುವಂತಿರಲಿಲ್ಲ. ಯಂತ್ರದ ಮುಂದೆ ಕೂತಿದ್ದವಳು ಧಾರವಾಡದ ಗೆಳತಿ ಸವಿತಾ.

"ಬಿದ್ದು ಹಲ್ಲು ಮುರಕೊಂಡ್ರ ನಿಮ್ಮವ್ವಗ ನಾ ಏನ್ ಹೇಳ್ಲಿ?" ಎಂದಳು.

"ನಾನೇನ್ ಬೀಳ್ತೀನಾ? ಶುರು ಮಾಡೇ ಸುಮ್ನೆ."

ವೇಗ ಏರುತ್ತಾ ಹೋಯಿತು. ಕಾಲು ಕಲ್ಲಾದವು. ನಿಲ್ಲಿಸೋಣ ಎಂದುಕೊಳ್ಳುವಷ್ಟರಲ್ಲಿ ಬೆನ್ನಿನ ನಡುವೆ ಒಂದು ಅಂಗೈ ಬಂದು ಕೂತಿತು. ಕಿರಣ ಬಂದನಲ್ಲ ಎಂದು ಸಮಾಧಾನವಾಯಿತು. ಆದರೆ ಆ ಕೈ ತಣ್ಣಗಿತ್ತು. ಹಿಡಿಯಲಿಲ್ಲ, ತಳ್ಳತೊಡಗಿತು. ಓಟದ ಭಂಗಿ ನೋಡಲೆಂದು ಎದುರಿಗಿಟ್ಟಿದ್ದ ಕನ್ನಡಿಯತ್ತ ಕಣ್ಣೆತ್ತಿದೆ. ನನ್ನ ಹಿಂದೆ ಬರಿಯ ಗೋಡೆ.

ಕಿರುಚಿದೆ. ಅದು ಮಾಸ್ಕ್‌ನೊಳಗೇ ಉಳಿಯಿತು. ನಿಲ್ಲಿಸು ಎಂದು ಕೈ ಬೀಸಿದೆ. ಸವಿತಾಳ ಕಣ್ಣು ಪರದೆಯ ಮೇಲೆ. "ಇನ್ನೊಂಚೂರ! ಭಾರಿ ಓಡಾಕತ್ತಿ!" ಎಂದು ಕೂಗುತ್ತಿದ್ದಳು. ಓಡುತ್ತಿದ್ದದ್ದು ನಾನಲ್ಲ, ನನ್ನನ್ನು ಓಡಿಸಲಾಗುತ್ತಿತ್ತು. ಕೊನೆಗೂ ಅವಳು ತಲೆಯೆತ್ತಿ ನೋಡಿ ಟ್ರೆಡ್‌ಮಿಲ್ ನಿಲ್ಲಿಸಿದಳು. ಕಾಲಡಿಯ ಪಟ್ಟಿ ನಿಂತ ಮೇಲೂ ಕೈ ಅಲ್ಲೇ ಇತ್ತು. ಆಮೇಲೆ ಒಂದೊಂದೇ ಬೆರಳು ಬೆನ್ನಿನಿಂದ ಎದ್ದಿತು.

"ಕಿರಣ ಬಂದಿದ್ನಾ?" ಎಂದೆ ಮಾಸ್ಕ್ ಕಿತ್ತು.

"ಅಂವ ಎಲ್ಲಿಂದ ಬರ್ತಾನ? ಬಾಗ್ಲಾ ಹಾಕೇ ಐತಿ." ಟವೆಲ್ ಹಿಡಿದು ಹಿಂದೆ ಬಂದವಳು ನನ್ನ ಬೆನ್ನತ್ತ ಬಗ್ಗಿ ನೋಡಿದಳು. "ಅಂಗಿ ಪೂರಾ ತೊಯ್ದೈತಿ. ನಡುವ ಅಂಗೈಯಷ್ಟ ಒಣಗೈತಲ್ಲ?" ಅಲ್ಲಿ ಕೈ ಇಟ್ಟು, ತಟ್ಟನೆ ತೆಗೆದಳು. "ಏ, ಥಣ್ಣಗೈತಿ ಇದು."

ಅತಿಯಾಗಿ ದಣಿದಾಗ ಮಿದುಳು ಏನೇನೋ ತೋರಿಸುತ್ತದೆ. ನಾನು ಓದಿದ್ದೇ ಅದನ್ನು. ಆದರೆ ಸವಿತಾ ಓಡಿರಲಿಲ್ಲವಲ್ಲ?

ಅಷ್ಟು ಒಳ್ಳೆಯ ಅಳತೆ ನನಗೆ ಹಿಂದೆಂದೂ ಬಂದಿರಲಿಲ್ಲ. "ಭೇಷ್ ಕಣಮ್ಮ, ಪ್ರಬಂಧಕ್ಕೆ ಇದನ್ನೇ ಹಾಕು," ಎಂದರು ಮಾರ್ಗದರ್ಶಕರು. ಅದು ನನ್ನ ಕಾಲು ದುಡಿದದ್ದಲ್ಲ; ಹಾಕಲು ಕೈ ಬರಲಿಲ್ಲ. ಹಿಂದೆ ಯಾರೂ ನಿಂತಿರಲಿಲ್ಲ, ನಿಯಮ ತಪ್ಪಿದೆ ಸಾರ್ ಎಂದೆ. ಬೈಸಿಕೊಂಡು, ಆ ಅಳತೆ ಬಿಟ್ಟೇ ಪ್ರಬಂಧ ಒಪ್ಪಿಸಿ ಸಾಧಾರಣ ದರ್ಜೆಯಲ್ಲಿ ಪಾಸಾದೆ.

ಅದು ನನ್ನನ್ನು ಬೀಳದಂತೆ ಕಾದಿತ್ತೋ, ಬೀಳುವವರೆಗೂ ಓಡಿಸಲು ಬಂದಿತ್ತೋ, ಇಂದಿಗೂ ಗೊತ್ತಿಲ್ಲ. ಈಗಲೂ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಕಾಲು ಸೋಲತೊಡಗಿದರೆ ಬೆನ್ನು ಬಿಗಿಯುತ್ತದೆ. ಸೋತರೆ ಸೋಲಲಿ, ಆ ಕೈ ಮಾತ್ರ ಬರದಿರಲಿ ಎಂದುಕೊಂಡೇ ಓಡುತ್ತೇನೆ.