ಎಳೆಯ ಅಗಲ ಅಳೆಯುತ್ತಿದ್ದ ಮೇಡಂ

ಮೊನ್ನೆ ಭಾನುವಾರ ನಮ್ಮ ಮನೆಯ ಗೇಟಿನ ಹತ್ತಿರ ಮೂರು ಜನ ಇದ್ದೆವು. ಬಣ್ಣ ಹೊಡೆಯುವವನು, ಅವನು ಎಲ್ಲೆಲ್ಲಿ ಬಿಟ್ಟಿದ್ದಾನೆ ಎಂದು ಬೆರಳು ತೋರಿಸುತ್ತಿದ್ದ ನನ್ನ ಹೆಂಡತಿ, ಸುಮ್ಮನೆ ನಿಂತಿದ್ದ ನಾನು. ಅವನು ಥಿನ್ನರ್ ಡಬ್ಬಿಯ ಮುಚ್ಚಳ ತೆಗೆದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ರಾಜಾಜಿನಗರದ ಒಂದು ಲ್ಯಾಬಿನ ಹಿಂದಿನ ಕೋಣೆಯಲ್ಲಿದ್ದೆ. ಅಲ್ಲಿ ಸ್ಲೈಡ್ ತಯಾರಿಸಲು ಬಳಸುತ್ತಿದ್ದ ದ್ರವವೂ ಹೆಚ್ಚುಕಡಿಮೆ ಹೀಗೇ ಘಾಟು. ಆ ಘಾಟಿನ ನಡುವೆ ಮೈಕ್ರೋಸ್ಕೋಪಿಗೆ ಕಣ್ಣು ಅಂಟಿಸಿ ಕೂತಿರುತ್ತಿದ್ದವರು ನಮ್ಮ ಮೇಡಂ...

ಎರಡು ಸಾವಿರದ ಐದೋ ಆರೋ ಇರಬೇಕು. ನಾನು ರಿಪೋರ್ಟ್ ಟೈಪ್ ಮಾಡುವವನು, ಮೇಡಂ ಹಿರಿಯ ಟೆಕ್ನೀಷಿಯನ್. ಕೈಕಾಲು ಸೋತವರ ತೊಡೆಯಿಂದಲೋ ತೋಳಿನಿಂದಲೋ ಕಡಲೆಕಾಳಿನಷ್ಟು ಮಾಂಸ ತೆಗೆದು ಆಸ್ಪತ್ರೆಯವರು ಕಳಿಸುತ್ತಿದ್ದರು. ಅದನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಕೊಯ್ದು, ಬಣ್ಣ ಹಾಕಿ ನೋಡಿದರೆ ಸ್ನಾಯುವಿನ ಎಳೆಗಳು ಕಾಣುತ್ತವೆ. ಆರೋಗ್ಯವಾಗಿದ್ದರೆ ಬಿಡಿಸಿದ ದಾಳಿಂಬೆಯ ಹಾಗೆ ಒಂದಕ್ಕೊಂದು ಒತ್ತಿಕೊಂಡು, ಮೂಲೆಮೂಲೆಯಾಗಿ. ಸೊರಗಿದ್ದರೆ ಸಣ್ಣಗೆ, ಗುಂಡಗೆ, ನಡುನಡುವೆ ಸಂದು ಬಿಟ್ಟುಕೊಂಡು. ಕಣ್ಣಿಟ್ಟು ನೋಡುವ ಗಾಜಿನೊಳಗೇ ಒಂದು ಸಣ್ಣ ಸ್ಕೇಲು ಇರುತ್ತಿತ್ತು. ಮೇಡಂ ಅದನ್ನು ತಿರುಗಿಸಿ ತಿರುಗಿಸಿ ಇನ್ನೂರು ಎಳೆ ಅಳೆಯುವರು, ಒಂದೊಂದನ್ನೂ ಪೆನ್ಸಿಲಿನಲ್ಲಿ ಗ್ರಾಫ್ ಪುಸ್ತಕಕ್ಕೆ ಬರೆಯುವರು. ಒಂದು ಸ್ಲೈಡಿಗೆ ಎರಡು ದಿನ.

ಆ ವರ್ಷ ನಮ್ಮ ಕಂಪ್ಯೂಟರಿಗೆ ಕ್ಯಾಮೆರಾ ಬಂತು. ನಾನು ಮೌಸ್ ಹಿಡಿದು ಎಳೆಯ ಸುತ್ತ ಗೆರೆ ಎಳೆದರೆ ಸಾಕು, ವಿಸ್ತೀರ್ಣ ತಾನಾಗಿ ಬರುತ್ತಿತ್ತು. ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿಯುತ್ತಿತ್ತು. ಹೆಮ್ಮೆಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅದೇ ಹೊತ್ತಿಗೆ ಹೆಗ್ಗನಹಳ್ಳಿಯ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳೊಬ್ಬಳ ತೊಡೆಯ ತುಂಡು ಬಂತು. ತಲೆ ಬಾಚಲು ಕೈ ಎತ್ತಲಾಗದು, ಕೂತರೆ ಏಳಲಾಗದು. ಗಂಡನ ಮನೆಯವರು ಕೆಲಸಗಳ್ಳಿ ಅಂದುಬಿಟ್ಟಿದ್ದರು. ರಾಯಚೂರು ಕಡೆಯಿಂದ ಬಂದು ಇಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಅವಳ ಅಪ್ಪ ಕೌಂಟರಿನ ಮುಂದೆ ನಿಂತರು.

“ನನ್ನ ಮಗಳು ನಾಟಕ ಮಾಡಾಕತ್ತಿಲ್ರಿ ಸರ. ರಿಪೋರ್ಟಿನ್ಯಾಗ ಏನೂ ಇಲ್ಲಂತ ಬಂದ್ರ ತವರಿಗೆ ಅಟ್ಟತೀವಿ, ಕೂಸಿನ್ನ ಕೊಡಂಗಿಲ್ಲ ಅಂದಾರ.”

ಸಂಜೆ ಬಂದು ಸಹಿ ಹಾಕುವ ಡಾಕ್ಟರು ಸ್ಲೈಡ್ ನೋಡಿ, ಬರೀ ಕಣ್ಣಿಗೆ ಅಷ್ಟೇನೂ ಗೊತ್ತಾಗುತ್ತಿಲ್ಲ, ಅಳತೆ ಬರಲಿ ಎಂದರು. ನನ್ನ ಅಳತೆಯಲ್ಲಿ ಎಳೆಗಳು ಸರಿಯಾದ ಗಾತ್ರದಲ್ಲಿದ್ದವು. ಮೇಡಂ ಅಳತೆಯಲ್ಲಿ ಸೊರಗಿದ್ದವು. ಸ್ಲೈಡು ಮಾತ್ರ ಒಂದೇ!

“ನಿನ್ನ ಕಂಪ್ಯೂಟರ್ ಮೋಸ ಹೋಗಿದೆ ಕಣೋ,” ಎಂದರು ಮೇಡಂ.

“ಕಂಪ್ಯೂಟರ್ ಹೆಂಗೆ ಮೇಡಂ ಮೋಸ ಹೋಗತ್ತೆ?”

“ಮನುಷ್ಯರು ಹೋಗಲ್ವಾ, ಹಂಗೇ.”

ಅಷ್ಟೇ. ಕಾರಣ ಹೇಳಲಿಲ್ಲ. ಗ್ರಾಫ್ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಹೋದರು. ಲ್ಯಾಬಿನ ಪುಸ್ತಕ ಮನೆಗೆ ಯಾಕೆ? ನನ್ನೊಳಗೆ ಹುಳ ಹೊಕ್ಕಿತು. ಮಾರನೆಯ ದಿನ ಬಸ್‌ಸ್ಟಾಪಿನಲ್ಲಿ ಅದೇ ಅಪ್ಪ ಮೇಡಂ ಕೈಗೆ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು ಕೊಡುವುದನ್ನು ಕಂಡೆ. ಮೇಡಂ ಅದನ್ನು ಸರಕ್ಕನೆ ಬ್ಯಾಗಿಗೆ ಸೇರಿಸಿದರು. ಸರಕ್ಕನೆ ಅಂತ ನನಗೆ ಅನಿಸಿತೋ ಏನೋ... ಒಳಗೆ ಬಂದಾಗ ಕೇಳಿದೆ.

“ಏನು ಮೇಡಂ ಅದು?”

“ನಿನಗ್ಯಾಕೋ ಅಧಿಕಪ್ರಸಂಗ? ಟೈಪ್ ಮಾಡು ಹೋಗು.”

ಆ ಸಂಜೆ ಎಲ್ಲವನ್ನೂ ಡಾಕ್ಟರ ಕಿವಿಗೆ ಹಾಕಿದೆ. ಹಾಕುವಾಗ ನಾಲ್ಕು ಮಾತಿನ ಉಪ್ಪುಖಾರವನ್ನೂ ಸೇರಿಸಿದೆ. ಡಾಕ್ಟರು ಮೇಡಂ ಹತ್ತಿರವಿದ್ದ ಡೀಪ್ ಫ್ರೀಜರಿನ ಕೀ ಇಸಿದುಕೊಂಡು ನನ್ನ ಕೈಗೆ ಕೊಟ್ಟರು. ಫ್ರೀಜರಿನಲ್ಲಿ ಆ ತುಂಡಿನ ಉಳಿದರ್ಧ ಇತ್ತು. “ನಾಳೆ ಸಂಜೆ ನಾನು ಬರೋವರೆಗೂ ಅದನ್ನ ಯಾರೂ ಮುಟ್ಟಬಾರದು,” ಎಂದರು.

ಯಾರೂ ಅಂದರೆ ನಾನೂ ಸೇರಿ ಎಂದು ನನಗೆ ಹೊಳೆಯಲಿಲ್ಲ. ಬೆಳಗ್ಗೆ ಮೇಡಂ ಬರುವ ಮುಂಚೆ ಇನ್ನೊಂದು ಅನುಮಾನ ಎದ್ದಿತು. ಇವರು ತುಂಡನ್ನೇ ಬದಲಾಯಿಸಿದ್ದರೆ? ಫ್ರೀಜರ್ ತೆಗೆದು, ಪುಟ್ಟ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅದರ ನಂಬರನ್ನು ರಿಜಿಸ್ಟರಿಗೆ ತಾಳೆ ನೋಡಿದೆ. ಸರಿಯಾಗೇ ಇತ್ತು. ಅಷ್ಟರಲ್ಲಿ ಫೋನ್ ಬಂತು, ಯಾವುದೋ ಆಸ್ಪತ್ರೆಗೆ ತುರ್ತಾಗಿ ರಿಪೋರ್ಟ್ ಬೇಕಂತೆ. ಮುಂದಿನ ಕೋಣೆಗೆ ಹೋಗಿ ಟೈಪ್ ಮಾಡಿ ಕಳಿಸಿ ವಾಪಸು ಬಂದಾಗ ಡಬ್ಬಿಯ ಸುತ್ತ ನೀರು ನಿಂತಿತ್ತು. ಒರೆಸಿ, ಒಳಗಿಟ್ಟು, ಬೀಗ ಹಾಕಿದೆ.

ಸಂಜೆ ಡಾಕ್ಟರು ಆ ಕಟ್ಟಿನ ಬಗ್ಗೆ ಕೇಳಿದ್ದೇ ತಡ, ಮೇಡಂ ಬ್ಯಾಗನ್ನು ಮೇಜಿನ ಮೇಲೆ ಸುರಿದರು. ಪೇಪರಿನ ಕಟ್ಟಿನಲ್ಲಿ ಇದ್ದದ್ದು ಆ ಹೆಣ್ಣುಮಗಳ ಹಳೆಯ ರಕ್ತಪರೀಕ್ಷೆಯ ಚೀಟಿಗಳು. “ನಾನೇ ತರಿಸ್ಕೊಂಡೆ ಸಾರ್, ನನ್ನ ಅಳತೆ ಮೇಲೆ ನನಗೇ ಅನುಮಾನ ಇತ್ತು. ಮನೇಲಿ ಕೂತು ಮತ್ತೆ ಕೂಡಿದೆ.” ಗ್ರಾಫ್ ಪುಸ್ತಕ, ಟಿಫನ್ ಡಬ್ಬಿ, ಒಂದು ಸೌತೆಕಾಯಿ. ಆ ಸೌತೆಕಾಯಿಯನ್ನೇ ಕೈಗೆತ್ತಿಕೊಂಡು ಚಾಕುವಿನಿಂದ ನೇರವಾಗಿ ಒಂದು ಬಿಲ್ಲೆ ಕೊಯ್ದರು. ಆಮೇಲೆ ಓರೆಯಾಗಿ ಇನ್ನೊಂದು. ಅದು ಅಂಗೈಯುದ್ದ ಬಂತು.

“ಸೌತೆಕಾಯಿ ದಪ್ಪ ಆಗೋಯ್ತಾ ಸಾರ್? ಈ ಸ್ಲೈಡೂ ಓರೆಯಾಗಿ ಕೊಯ್ದಿರೋದು. ಉದ್ದ ಸುಳ್ಳು ಹೇಳತ್ತೆ, ಅಗಲ ಹೇಳಲ್ಲ. ಅದಕ್ಕೇ ನಾನು ಅಗಲ ಮಾತ್ರ ಅಳೆಯೋದು. ಇವನು ಇಡೀ ಬಿಲ್ಲೆ ಸುತ್ತ ಗೆರೆ ಎಳೆದು ಕೂತಿದಾನೆ.”

ಡಾಕ್ಟರು ಆ ಉದ್ದನೆಯ ಹೋಳನ್ನು ಬಾಯಿಗೆ ಹಾಕಿಕೊಂಡು, “ಉಪ್ಪು ತಂದಿಲ್ವೇನ್ರೀ?” ಎಂದು ನಕ್ಕರು. “ಸರಿ, ಉಳಿದ ತುಂಡನ್ನ ನೇರವಾಗಿ ಕೊಯ್ದು ತೋರಿಸಿ. ಸಹಿ ಹಾಕ್ತೀನಿ.”

ಮೇಡಂ ಕೊಯ್ದರು. ಗಾಜಿನ ಮೇಲೆ ಬಂದದ್ದು ಎಳೆಗಳಲ್ಲ, ದೋಸೆಯ ಹಾಗೆ ಬರೀ ತೂತುಗಳು.

“ಕರಗಿ ಮತ್ತೆ ಹೆಪ್ಪುಗಟ್ಟಿದೆ ಸಾರ್. ಇನ್ನು ಇದು ಯಾತಕ್ಕೂ ಬರಲ್ಲ.”

ಇಬ್ಬರೂ ನನ್ನ ಕಡೆ ನೋಡಿದರು. “ಬೆಳಗ್ಗೆ ಕರೆಂಟ್ ಹೋಗಿತ್ತು ಸಾರ್,” ಎಂದೆ.

ಮೇಡಂ ಫ್ರೀಜರಿನಲ್ಲಿ ಅದರ ಪಕ್ಕದಲ್ಲೇ ಇದ್ದ ಇನ್ನೊಂದು ಡಬ್ಬಿಯ ಮುಚ್ಚಳ ತೆಗೆದು ಬೆರಳಾಡಿಸಿದರು. ಒಣ ಮಂಜಿನ ಪುಡಿ, ಒಂದು ಹನಿ ನೀರಿಲ್ಲ. ಮುಚ್ಚಳ ಹಾಕಿದರು.

ಅಳತೆ ಖಚಿತವಿಲ್ಲ, ಇನ್ನೊಮ್ಮೆ ತುಂಡು ತೆಗೆಯಬೇಕು ಎಂದು ರಿಪೋರ್ಟ್ ಹೋಯಿತು. ಟೈಪ್ ಮಾಡಿದವನು ನಾನೇ. ಮಾರನೆಯ ದಿನ ಅಪ್ಪ ಬಂದು ಗೋಡೆಗೆ ಒರಗಿದರು. “ಮತ್ತೊಮ್ಮೆ ಕೊಯ್ಯಾಕ ಬಿಡಂಗಿಲ್ಲ ಅಂತಾಳ್ರಿ ಆಕಿ. ಅವರ ಮನ್ಯಾಗ, ಏನೂ ಸಿಗಲಿಲ್ಲ ನೋಡು ಅಂತ ನಗಾಕತ್ತಾರ.” ಮೇಡಂ ಅರ್ಧ ದಿನ ರಜೆ ಹಾಕಿ ಅವರ ಜೊತೆ ಹೆಗ್ಗನಹಳ್ಳಿಗೆ ಹೋದರು. ಅಲ್ಲಿ ಏನು ಮಾತಾಯಿತೋ, ಆಕೆ ಒಪ್ಪಿದಳು. ಮೇಡಂ ತಾವೇ ಆಸ್ಪತ್ರೆಗೆ ಹೋಗಿ, ಹೊಸ ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಐಸ್ ತುಂಬಿದ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ತಂದರು. ಈ ಸಲ ನೇರವಾಗಿ ಕೊಯ್ದಿದ್ದರು. ಅವರ ಸ್ಕೇಲೂ ನನ್ನ ಮೌಸೂ ಒಂದೇ ಮಾತು ಹೇಳಿದವು. ಎಳೆಗಳು ಸೊರಗಿದ್ದವು. ಔಷಧಿ ಶುರುವಾಯಿತು, ಮಗು ತಾಯಿಯ ಹತ್ತಿರವೇ ಉಳಿಯಿತು ಎಂದು ಅಪ್ಪ ಬಂದು ಹೇಳಿಹೋದರು.

ನನ್ನ ಅನುಮಾನ ಮಾತ್ರ ಹೋಗಲಿಲ್ಲ, ದಿಕ್ಕು ಬದಲಾಯಿಸಿತು ಅಷ್ಟೇ. ಮೇಡಂ ಡಾಕ್ಟರ ಕೋಣೆಗೆ ಹೋದಾಗಲೆಲ್ಲ ಇವತ್ತು ಹೇಳಿಬಿಡುತ್ತಾರೆ ಎಂದು ಕಿವಿ ನೆಟ್ಟಗೆ ಮಾಡಿಕೊಂಡಿರುತ್ತಿದ್ದೆ. ಮಧ್ಯಾಹ್ನ ಒಂದು ಹೋಳು ಸೌತೆಕಾಯಿ ಕೊಟ್ಟರೂ, ಇದರ ಹಿಂದೆ ಏನಿದೆಯೋ ಎಂದುಕೊಂಡೇ ತಿನ್ನುತ್ತಿದ್ದೆ. ಹೀಗೆ ಎರಡು ವರ್ಷ... ಅವರು ನಿವೃತ್ತರಾದರು. ನಾನು ಬಾಯಿ ಬಿಡಲಿಲ್ಲ.

ಈಗ ಮೇಡಂ ಇಲ್ಲ. ಹೋದ ವರ್ಷ ತೀರಿಕೊಂಡರು. ಕೊನೆಗೆ ಯಾರಿಗೆ ಹೇಳಬೇಕಿತ್ತೋ ಅವರೇ ಹೊರಟುಹೋದರು. ಮೂಡಲಪಾಳ್ಯದ ಅವರ ಮನೆಗೆ ಹನ್ನೊಂದನೇ ದಿನದ ಕಾರ್ಯಕ್ಕೆ ಹೋಗಿದ್ದೆ. ಅಲ್ಲಿ ಒಬ್ಬ ಹೆಂಗಸು ಹತ್ತಿರ ಬಂದು, ತಾನೇ ಹೆಗ್ಗನಹಳ್ಳಿಯ ಆ ಹೆಣ್ಣುಮಗಳೆಂದು ಗುರುತು ಹೇಳಿಕೊಂಡಳು. ನನಗೆ ತಡೆಯಲಾಗಲಿಲ್ಲ.

“ಅವತ್ತು ಆ ಡಬ್ಬಿ ಹೊರಗಿಟ್ಟು ಮರೆತೋನು ನಾನಮ್ಮ. ನನ್ನಿಂದ ನಿಮ್ಮನ್ನ ಎರಡನೇ ಸಲ ಕೊಯ್ದಿದ್ದು.”

“ಗೊತ್ತೈತ್ರಿ ಅಣ್ಣಾರ,” ಎಂದಳು. “ಮೇಡಮ್ಮಾರು ಮನಿಗೆ ಬಂದಾಗನ ಹೇಳಿದ್ರು. ನಮ್ಮ ಹುಡುಗ ಮರತಾನ, ತಪ್ಪು ನಮ್ದು, ಅದಕ್ಕ ಕೇಳಾಕ ನಾನ ಬಂದೀನಿ ಅಂದ್ರು. ಹಂಗ ಅಂದಿದ್ದಿಲ್ಲಂದ್ರ ನಾ ಒಪ್ತಿದ್ದಿಲ್ಲ.”

ಅಷ್ಟು ಹೇಳಿ ಅವಳು ಪಂಕ್ತಿಗೆ ಎಲೆ ಹಾಕಲು ಹೋದಳು.