ಪಾಟಿಯ ಸೀಗೆ ಬಿಲ್ಲೆ

ನಾನು ಚಿಕ್ಕವಳಿದ್ದಾಗ ತಲೆಸ್ನಾನದ ದಿನ ಬಂತೆಂದರೆ ಮನೆಯಿಂದ ಓಡಿಹೋಗುತ್ತಿದ್ದೆ. ಒಂದು ಕಡೆ ಸುಮ್ಮನೆ ಕೂರುವುದು ನನ್ನಿಂದ ಆಗುತ್ತಲೇ ಇರಲಿಲ್ಲ. ಅಮ್ಮ ಹರಳೆಣ್ಣೆ ಹಚ್ಚಿ, ನೆನೆಸಿದ ಸೀಗೆಪುಡಿಯಿಂದ ತಿಕ್ಕುವಾಗ ಕಣ್ಣು ಉರಿಯುತ್ತಿತ್ತು, ಮೂಗಿಗೆ ಘಾಟು ಏರುತ್ತಿತ್ತು. ಹಾಗಂತ ತಲೆ ತೊಳೆಯದೆ ಇರುವಂತೆಯೂ ಇರಲಿಲ್ಲ. ನಾವಿದ್ದದ್ದು ಉರಿಗಾಂನಲ್ಲಿ, ಚಿನ್ನದ ಗಣಿಯ ಕೆಲಸಗಾರರಿಗೆಂದು ಕಟ್ಟಿದ ಲೈನ್ ಮನೆಯಲ್ಲಿ. ಬೇಸಿಗೆಯಲ್ಲಿ ಗಾಳಿ ಎದ್ದರೆ ಗಣಿಯ ದಿಬ್ಬಗಳಿಂದ ನುಣ್ಣನೆಯ ಬಿಳಿ ಮಣ್ಣು ಹಾರಿ ಬಂದು ಅನ್ನದ ತಟ್ಟೆಯಲ್ಲೂ ಕೂರುತ್ತಿತ್ತು, ತಲೆಯಲ್ಲೂ ಕೂರುತ್ತಿತ್ತು.

ನನ್ನ ಅಕ್ಕ ಆಗ ಹೈಸ್ಕೂಲಿನಲ್ಲಿದ್ದಳು. ಅವಳ ಕೂದಲು ಸೊಂಟದ ಕೆಳಗೆ ಇಳಿಯುತ್ತಿತ್ತು. ಅದೇ ಸಮಯಕ್ಕೆ ರಾಬರ್ಟ್‌ಸನ್‌ಪೇಟೆಯ ಅಂಗಡಿಗಳ ಮುಂದೆ ಶಾಂಪೂ ಪ್ಯಾಕೆಟ್‌ಗಳು ಮಿರಮಿರನೆ ಹೊಳೆಯುತ್ತಾ, ಹೂವಿನ ಸರದ ಹಾಗೆ ನೇತಾಡತೊಡಗಿದವು. ಒಂದು ಮೂಲೆ ಹಲ್ಲಿನಲ್ಲಿ ಕಚ್ಚಿ ಹರಿದರೆ ಸಾಕು, ಬಚ್ಚಲೆಲ್ಲ ಘಮ. ಅಪ್ಪನಿಗೆ ಅದು ಸೇರುತ್ತಿರಲಿಲ್ಲ. "ಮನೇಲಿ ಸೀಗೆಕಾಯಿ ಇಟ್ಕೊಂಡು ಅದ್ಯಾಕೆ?" ಎಂದು ಒಂದೇ ಮಾತಿನಲ್ಲಿ ಬೇಡ ಅಂದಿದ್ದರು. ಅಕ್ಕ ಕದ್ದು ತರುತ್ತಿದ್ದಳು. ನನ್ನ ತಲೆಗೂ ಸ್ವಲ್ಪ ಹಚ್ಚುತ್ತಿದ್ದಳು. ಅದಕ್ಕೆ ಬದಲಾಗಿ ಖಾಲಿ ಪ್ಯಾಕೆಟ್‌ಗಳನ್ನು ಕಾಣದಂತೆ ಮಾಡುವುದು ನನ್ನ ಕೆಲಸ. ನಾನು ಅವನ್ನು ಮಡಚಿ ಬಚ್ಚಲ ತೂತಿನೊಳಗೆ ತಳ್ಳಿ, ಮೇಲಿಂದ ಒಂದು ಚೊಂಬು ನೀರು ಸುರಿಯುತ್ತಿದ್ದೆ. ಹೋಯಿತು, ಮುಗಿಯಿತು ಎಂದುಕೊಳ್ಳುತ್ತಿದ್ದೆ. ಹೀಗೆ ಎಷ್ಟೋ ತಿಂಗಳು ನಡೆಯಿತು.

ನಮ್ಮ ಮನೆಯಿಂದ ಇಳಿಜಾರಿನಲ್ಲಿ ಕೆಳಗೆ, ಮುಂದಿನ ಮನೆಯಲ್ಲಿ ಒಬ್ಬರು ತಮಿಳು ಅಜ್ಜಿ ಒಬ್ಬರೇ ಇದ್ದರು. ಇಡೀ ಸಾಲಿನ ಮಕ್ಕಳು ಅವರನ್ನು ಪಾಟಿ ಎನ್ನುತ್ತಿದ್ದೆವು. ಸೀಗೆಕಾಯಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು ಮನೆಮನೆಗೆ ಮಾರುವುದೇ ಅವರ ಜೀವನ. ಪ್ಯಾಕೆಟ್ ಬಂದ ಮೇಲೆ ಅವರ ಪುಡಿ ಕೇಳುವವರು ಕಡಿಮೆಯಾಗಿದ್ದರು. ಆದರೂ ಅವರು ಕುಟ್ಟುವುದನ್ನು ನಿಲ್ಲಿಸಿರಲಿಲ್ಲ.

ಬೇಸಿಗೆ ರಜೆಯ ಒಂದು ಶುಕ್ರವಾರ. ಮೂರು ದಿನದಿಂದ ಬಾರದ ನಲ್ಲಿ ನೀರು ಅಂದು ಬೆಳಗ್ಗೆ ಬಂದುಬಿಟ್ಟಿತು. ಬೇತಮಂಗಲದ ಕೆರೆಯ ನೀರು, ಕೊಡಕ್ಕೆ ಬೀಳುವ ಸದ್ದು ಕೇಳಿದರೇ ಖುಷಿ. ಇಡೀ ಸಾಲಿನಲ್ಲಿ ಒಟ್ಟಿಗೇ ಸ್ನಾನ, ಒಟ್ಟಿಗೇ ಬಟ್ಟೆ ಒಗೆತ. ನಾನೂ ಅಕ್ಕನೂ ತಲೆ ತೊಳೆದು ಬಿಸಿಲಿಗೆ ಬಂದು ನಿಂತಿದ್ದೆವು ಅಷ್ಟೆ, ಕೆಳಗಿನಿಂದ ಪಾಟಿಯ ಕೂಗು ಕೇಳಿಸಿತು.

ಓಡಿಹೋಗಿ ನೋಡಿದರೆ, ಸಾಲಿನ ಬಚ್ಚಲುಗಳ ನೀರೆಲ್ಲ ಹರಿಯುವ ಮೋರಿ ತುಂಬಿ ಉಕ್ಕುತ್ತಿತ್ತು. ಚಪ್ಪಡಿಕಲ್ಲಿನ ಅಡಿಯಲ್ಲಿ ಎಲ್ಲೋ ಕಟ್ಟಿಕೊಂಡು, ಸೋಪಿನ ನೊರೆಯ ಬೂದು ನೀರು ಪಾಟಿಯ ಹೊಸ್ತಿಲು ದಾಟಿ ಒಳಗೆ ನುಗ್ಗಿತ್ತು. ಒಳಗೆ ಸೀರೆಯ ಮೇಲೆ ಹರಡಿದ್ದ ಸೀಗೆಪುಡಿ ಕೆಸರಾಗಿತ್ತು. ಮೂಲೆಯಲ್ಲಿದ್ದ ಕಾಯಿಯ ಚೀಲವೂ ಅಡಿಯಿಂದ ನೆನೆದಿತ್ತು. ಪಾಟಿ ಸೆರಗು ಎತ್ತಿ ಸಿಕ್ಕಿಸಿ, ಮೊರದಲ್ಲಿ ನೀರು ಗೋರುತ್ತಿದ್ದರು. ಗೋರಿದಷ್ಟೂ ಬರುತ್ತಿತ್ತು.

ಸೇರಿದ ಹೆಂಗಸರಲ್ಲಿ ಒಬ್ಬಾಕೆ, ಮೇಲಿನ ಮನೆಯ ಎಮ್ಮೆಯ ಹುಲ್ಲೇ ಮೋರಿ ಕಟ್ಟಿದ್ದು ಅಂದಳು. ಎಮ್ಮೆಯ ಮನೆಯಾಕೆ ಸುಮ್ಮನಿರಲಿಲ್ಲ. "ನಮ್ಮ ಉಲ್ಲು ನಮ್ಮ ಎಮ್ಮೆ ಒಟ್ಟೇಗೆ ಓಗ್ತದೆ, ಮೋರೀಗಲ್ಲ," ಎಂದು ಜಗಳಕ್ಕೆ ನಿಂತಳು. ಮಾತಿಗೆ ಮಾತು ಬೆಳೆಯಿತು, ಕನ್ನಡ, ತಮಿಳು, ತೆಲುಗು ಮೂರರಲ್ಲೂ. ಹುಲ್ಲಲ್ಲ ಎಂದು ನನಗೆ ಗೊತ್ತಿತ್ತು. ಅಕ್ಕ ನನ್ನ ಮುಖ ನೋಡಿದಳು, ನಾನು ಅವಳದು. ಇಬ್ಬರೂ ಮೆಲ್ಲಗೆ ಹಿಂದೆ ಸರಿದೆವು.

ಆಮೇಲಿನ ಹೊತ್ತು ಹೇಗೆ ಕಳೆಯಿತೋ. ಮನೆಗೆ ಬಂದೆ, ಕೂರಲಾಗಲಿಲ್ಲ. ನಲ್ಲಿಯವರೆಗೆ ಹೋದೆ, ತಿರುಗಿ ಬಂದೆ. ಅಮ್ಮ ಬಡಿಸಿದ ಮುದ್ದೆಯನ್ನು ತಟ್ಟೆಯಲ್ಲೇ ಹೊರಳಿಸುತ್ತಾ ಕೂತೆ. ಒದ್ದೆ ಕೂದಲಿನಿಂದ ಬರುತ್ತಿದ್ದ ಶಾಂಪೂ ಘಮ ಎಲ್ಲಿ ಹೋದರೂ ನನ್ನ ಜೊತೆಗೇ ಬರುತ್ತಿತ್ತು. ಅಮ್ಮನ ಮೂಗಿಗೆ ಬಡಿದರೆ ಎಂದು ಗೋಡೆಗೆ ಒತ್ತಿಕೊಂಡು ನಡೆದೆ. ಮಧ್ಯಾಹ್ನ ಗಣಿಯ ಸೈರನ್ ಕೂಗಿತು. ಪಾಳಿ ಮುಗಿಸಿ ಅಪ್ಪ ಬರುವ ಹೊತ್ತು.

ಅಪ್ಪ ಊಟಕ್ಕೂ ಕೂರದೆ ಹಾರೆ ತೆಗೆದುಕೊಂಡು ಇಳಿದರು. ಇಬ್ಬರು ಗಂಡಸರು ಕೈ ಹಾಕಿ ಚಪ್ಪಡಿ ಎತ್ತಿದರು. ಅಪ್ಪ ಮೋರಿಯೊಳಗೆ ತೋಳಿನವರೆಗೆ ಕೈ ಇಳಿಸಿ ಎಳೆದಾಗ, ಒಂದು ದೊಡ್ಡ ಮುದ್ದೆ ಕಿತ್ತುಕೊಂಡು ಬಂತು. ಒಂದಕ್ಕೊಂದು ಅಂಟಿದ ಶಾಂಪೂ ಪ್ಯಾಕೆಟ್‌ಗಳು, ಅವನ್ನೆಲ್ಲ ಸುತ್ತಿ ಬಿಗಿದ ಉದ್ದುದ್ದ ಕೂದಲು. ತಿಂಗಳುಗಳ ಹಿಂದಿನ ಪ್ಯಾಕೆಟ್‌ಗಳ ಬಣ್ಣವೂ ಮಾಸಿರಲಿಲ್ಲ. ನೀರು ಗುಳಗುಳ ಎಂದು ಇಳಿದುಹೋಯಿತು. ಜಗಳವೂ ನಿಂತಿತು.

ಅಪ್ಪ ಆ ಕೂದಲನ್ನು ಬೆರಳಿಗೆ ಸುತ್ತಿ ಎಳೆದು ನೋಡಿದರು. ಆ ಸಾಲಿನಲ್ಲಿ ಅಷ್ಟುದ್ದದ ಕೂದಲು ಇದ್ದದ್ದು ಒಬ್ಬಳಿಗೇ. ಅಕ್ಕ ತನ್ನ ಕೂದಲನ್ನು ಬೆನ್ನ ಹಿಂದೆ ಸರಿಸಿಕೊಂಡಳು. ಅವಳೊಬ್ಬಳೇ ಬೈಸಿಕೊಳ್ಳುವುದನ್ನು ನೋಡಲು ನನಗೆ ಆಗಲಿಲ್ಲ.

"ಅಪ್ಪ, ತೂತಿಗೆ ಆಕ್ತಿದ್ದಿದ್ದು ನಾನು," ಅಂದೆ.

ಹೊಡೆಯುತ್ತಾರೆ ಎಂದು ಕಣ್ಣು ಮುಚ್ಚಿಕೊಂಡೆ. ಅಪ್ಪ ಹೊಡೆಯಲಿಲ್ಲ. ಎಮ್ಮೆಯ ಮನೆಯಾಕೆಯ ಕಡೆ ತಿರುಗಿ, "ತಪ್ಪು ನಮ್ಮ ಮನೇದು ಕಣಮ್ಮ," ಅಂದರು. ಗಣಿಯಲ್ಲಿ ಯಾರಿಗೂ ತಲೆ ಬಾಗದ ಅಪ್ಪ ಎಲ್ಲರೆದುರು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಒಂದು ಏಟು ಬಿದ್ದಿದ್ದರೆ ಹಗುರಾಗುತ್ತಿತ್ತೇನೋ.

ಸಂಜೆಯವರೆಗೂ ನಾನೂ ಅಕ್ಕನೂ ನೀರು ಹೊತ್ತು ಪಾಟಿಯ ನೆಲ ತೊಳೆದೆವು. ಪಾಟಿ ಕೆಟ್ಟ ಪುಡಿಯನ್ನು ಬುಟ್ಟಿಗೆ ತುಂಬಿ ತಿಪ್ಪೆಗೆ ಸುರಿದು ಬಂದು, ಬಾಗಿಲಲ್ಲಿ ಕೂತು, ಖಾಲಿ ಸೀರೆಯನ್ನು ಹಿಂಡಿ ಹಿಂಡಿ ನೋಡುತ್ತಿದ್ದರು.

ಮಾರನೆಯ ವಾರ ಅಪ್ಪ ಬಂಗಾರಪೇಟೆ ಸಂತೆಯಿಂದ ಒಂದು ಚೀಲ ಸೀಗೆಕಾಯಿ ಹೊತ್ತು ತಂದು ಪಾಟಿಯ ಮನೆಯಲ್ಲಿ ಇಳಿಸಿದರು. ಕುಟ್ಟುವುದು ನಮ್ಮಿಬ್ಬರ ಪಾಲಿಗೆ ಬಂತು. ಕುಟ್ಟುತ್ತಾ ಸೀನುತ್ತಾ ಇರುವಾಗ ಅಕ್ಕ ತಡೆಯಲಾರದೆ ಹೇಳಿಯೇಬಿಟ್ಟಳು.

"ಪಾಟಿ, ಪುಡಿ ಕೆಟ್ಟದ್ದು ಅಂತ ನಾವು ಬಿಟ್ಟಿದ್ದಲ್ಲ. ನೆನೆಸ್ಕೊಂಡು, ಕಲಸ್ಕೊಂಡು ಕೂತ್ರೆ ಸ್ಕೂಲಿಗೆ ಒತ್ತಾಗ್ತದೆ. ಕಣ್ಣಿಗೂ ಓಗ್ತದೆ."

ಪಾಟಿ ಜರಡಿ ನಿಲ್ಲಿಸಿ ಅವಳನ್ನೇ ನೋಡಿದರು. "ಮೊದ್ಲೇ ಯೇಳ್ಬೇಕಲ್ಲ ಕಣ್ಣು. ನಂಗೆ ಯಾರು ಯೇಳ್ತಾರೆ?" ಅಂದರು. ಮುದ್ದಿಗೆ ಮಕ್ಕಳನ್ನು ಕಣ್ಣು ಎನ್ನುವುದು ಅವರ ರೂಢಿ, ಮಾತಿನಲ್ಲಿ ಕೋಪ ಇರಲಿಲ್ಲ.

ನೆನೆಸುವ, ಕಲಸುವ ಕೆಲಸವಿಲ್ಲದ ಸೀಗೆ ಮಾಡಬೇಕೆಂದು ಹಟ ಹಿಡಿದರು, ಅಂದಿನಿಂದ ಅವರಿಗೂ ನೆಮ್ಮದಿ ಇಲ್ಲ, ನಮಗೂ ಇಲ್ಲ. ಅಂಟುವಾಳ ಕುದಿಸಿದ ನೀರಿನಲ್ಲಿ ಸೀಗೆಪುಡಿ, ಮೆಂತ್ಯದ ಹಿಟ್ಟು, ಹೆಸರುಹಿಟ್ಟು ಕಲಸಿ, ಬಿಲ್ಲೆ ತಟ್ಟಿ ಬಿಸಿಲಿಗಿಟ್ಟರು. ಮೊದಲನೆಯವು ಒಣಗಿ ಬಿರುಕುಬಿಟ್ಟು ಪುಡಿಯಾದವು. ಎರಡನೆಯ ಸಲ ಬೂಸಲು ಬಂತು. ಮೂರನೆಯ ಸಲ ದಾಸವಾಳದ ಎಲೆ ಅರೆದು ಅದರ ಲೋಳೆ ಸೇರಿಸಿದರು. ತೆಳ್ಳಗೆ ತಟ್ಟಿದ ಆ ಬಿಲ್ಲೆಗಳು ಗಟ್ಟಿಯಾಗಿ, ಕಂದು ಬಣ್ಣಕ್ಕೆ ತಿರುಗಿ ನಿಂತವು. ಒದ್ದೆ ಅಂಗೈಯಲ್ಲಿ ಉಜ್ಜಿ ತಲೆಗೆ ಹಚ್ಚಿದರೆ ಆಯಿತು. ಪ್ಯಾಕೆಟ್‌ನಷ್ಟು ನೊರೆ ಬರುತ್ತಿರಲಿಲ್ಲ, ಅಷ್ಟು ಘಮವೂ ಇಲ್ಲ. ಅಕ್ಕ ಗೊಣಗಿದಳು, ಗೊಣಗುತ್ತಲೇ ಒಂದನ್ನು ಗೆಳತಿಯರಿಗೆ ತೋರಿಸಲು ತೆಗೆದುಕೊಂಡು ಹೋದಳು. ವಾಪಸು ಬಂದದ್ದು ಬರಿಗೈಯಲ್ಲಿ. ಇನ್ನೂ ನಾಲ್ಕು ಹುಡುಗಿಯರು ಕೇಳಿದ್ದಾರೆ ಎಂದಳು. ಆ ವರ್ಷ ಪಾಟಿಯ ಒನಕೆಯ ಸದ್ದು ನಿಲ್ಲಲಿಲ್ಲ.

ಈಗ ಬಂಗಾರಪೇಟೆಯ ಈ ಮನೆಯಲ್ಲಿ, ಮೊಮ್ಮಕ್ಕಳೇ, ನಿಮ್ಮ ಬಚ್ಚಲಿಗೆ ಹೋದರೆ ಗೂಡಿನ ತುಂಬ ಬಾಟಲಿಗಳು. ಒಂದು ತೊಳೆಯಲು, ಒಂದು ಮೆತ್ತಗಾಗಲು, ಇನ್ನೊಂದು ಹೊಳೆಯಲು. ನಲ್ಲಿ ತಿರುಗಿಸಿದರೆ ನೀರು, ಬಾಗಿಲು ತೆಗೆದರೆ ಬೆಳಗ್ಗೆ ಕಸದ ಗಾಡಿ. ಅಂದು ನಾನು ಎಸೆದದ್ದು ಹತ್ತು ಮಾರು ದೂರ ಹೋಗಿ ನಿಂತಿತ್ತು. ಅದರಿಂದ ಯಾರ ಹೊಟ್ಟೆಗೆ ಏಟು ಬಿತ್ತು ಎಂದು ಅದೇ ದಿನ ಕಣ್ಣಾರೆ ಕಂಡೆ. ನಿಮ್ಮ ಬಾಟಲಿಗಳು ಗಾಡಿ ಹತ್ತಿ ಎಲ್ಲಿ ಇಳಿಯುತ್ತವೋ, ಯಾರ ಬಾಗಿಲಿಗೆ ಅಡ್ಡ ನಿಲ್ಲುತ್ತವೋ ನಿಮಗೂ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ. ಅದಕ್ಕೇ ಆ ಗಾಡಿ ಬಂದಾಗಲೆಲ್ಲ ನಾನು ಬಾಗಿಲಲ್ಲಿ ನಿಂತು ತಿರುವಿನವರೆಗೂ ನೋಡುತ್ತೇನೆ.

ಹೋದ ತಿಂಗಳ ಮೊದಲಲ್ಲಿ ನಮ್ಮ ದೊಡ್ಡವಳು ರಟ್ಟಿನ ಪುಟ್ಟ ಡಬ್ಬಿಯಲ್ಲಿ ಒಂದು ಗಟ್ಟಿ ಶಾಂಪೂ ತಂದಳಲ್ಲ. "ಅಜ್ಜಿ, ಇದು ಹೊಸದಾಗಿ ಬಂದಿರೋದು, ಇದಕ್ಕೆ ಬಾಟಲಿ ಬೇಡ," ಎಂದು ನನಗೆ ತಿಳಿಸಿ ಹೇಳಿದಳು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಅದು ನಿಮ್ಮಿಬ್ಬರ ತಲೆಗೂ, ನನ್ನ ತಲೆಗೂ ಒಂದೂವರೆ ತಿಂಗಳು ಬಂತು. ನೊರೆ ಪಾಟಿಯದಕ್ಕಿಂತ ಚೆನ್ನಾಗಿತ್ತು. ಡಬ್ಬಿಯಲ್ಲಿ ಚಿಕ್ಕವನು ಬಣ್ಣದ ಬಳಪ ಇಟ್ಟುಕೊಂಡ. ನಿನ್ನೆ ಕೊನೆಯ ಚೂರು ನನ್ನ ಅಂಗೈಯಲ್ಲೇ ಕರಗಿತು. ತಲೆ ತೊಳೆದುಕೊಂಡು ಎದ್ದಾಗ ಎಸೆಯುವುದಕ್ಕೆ ನನ್ನ ಕೈಯಲ್ಲಿ ಏನೂ ಇರಲಿಲ್ಲ.